ಹುಳದ ಮನೆಯಲ್ಲಿ ನೂರಿಪ್ಪತ್ತು ಸೈನಿಕರು

ಪೆಟ್ಟಿಗೆಯ ಮುಚ್ಚಳ ತೆಗೆದು ಮೇಡಂ ನನ್ನ ಮುಂದಿಟ್ಟಾಗ ನಾನು ಕೇಳಿದ ಮೊದಲ ಮಾತು, "ಮಕ್ಕಳಿಗೇನಮ್ಮ?" ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಸೈನಿಕರು. ಒಬ್ಬೊಬ್ಬನೂ ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿಗಿಂತ ಚೂರು ಎತ್ತರ. ಕೈಯಲ್ಲಿ ಬಂದೂಕು, ಬೆನ್ನಿಗೆ ಚೀಲ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಬಕಲ್ಲು. ಎಳ್ಳು ಕಾಳಿನಷ್ಟು ಬಕಲ್ಲು!

"ಮಕ್ಕಳಿಗಲ್ಲ, ನಮಗೇ. ಭಾನುವಾರ ಎಂಟು ಜನ ಸೇರ್ತೀವಿ. ದೊಡ್ಡ ಮೇಜಿನ ಮೇಲೆ ಯುದ್ಧ ಆಡ್ತೀವಿ" ಅಂದರು.

ಎಂಟು ಜನ ದೊಡ್ಡವರು. ಮೇಜಿನ ಮೇಲೆ ಯುದ್ಧ. ನಾನು ಎಲ್ಲ ಅರ್ಥವಾದವನ ಹಾಗೆ ತಲೆ ಆಡಿಸಿದೆ. ಗಿರಾಕಿಗಳ ಮುಂದೆ ಅದು ನನಗೆ ರೂಢಿ.

ಮೇಡಂ ಮುದ್ದೇನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುವವರು. ಹಿಂದೊಮ್ಮೆ ಅವರ ಸ್ಕೂಟರಿಗೆ ನಂಬರ್ ಪ್ಲೇಟ್ ಬರೆದುಕೊಟ್ಟಿದ್ದೆ. ಆ ಕೈ ನೆನಪಿಟ್ಟುಕೊಂಡು ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹುಡುಕಿಕೊಂಡು ಬಂದಿದ್ದರು. ಅವರು ಬಂದ ಹೊತ್ತಿಗೆ ನನ್ನ ಅಂಗಡಿಯಲ್ಲಿ ಬರೆಯೋಕೆ ಪ್ಲೇಟೇ ಇರಲಿಲ್ಲ. ಅಚ್ಚು ಹೊಡೆದ ಹೊಸ ಪ್ಲೇಟು ಎಲ್ಲ ಗಾಡಿಗೂ ಕಡ್ಡಾಯವಾದ ಮೇಲೆ ನನ್ನ ಬ್ರಷ್ಷುಗಳು ಗ್ಲಾಸಿನಲ್ಲಿ ನಿಂತು ಒಣಗುತ್ತಿದ್ದವು. ಟೊಮ್ಯಾಟೊ ಮಂಡಿಯಲ್ಲಿ ಕೆಲಸ ಮಾಡುವ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಆ ವಾರವೇ ಹೇಳಿದ್ದರು: "ನಮ್ಮ ಮಂಡೀಲಿ ಚೀಟಿ ಬರೆಯೋರು ಬೇಕಂತೆ. ನಿನ್ನ ಅಕ್ಷರ ಚೆನ್ನಾಗಿದೆ. ಸೋಮವಾರ ಬೆಳಿಗ್ಗೆ ಹೂಂ ಅನ್ನು, ಇಲ್ಲಾಂದ್ರೆ ಬೇರೆಯವರನ್ನ ಹಾಕ್ಕೋತಾರೆ."

ಅದು ಕೆಟ್ಟ ಕೆಲಸ ಅಂತ ನಾನು ಹೇಳಲ್ಲ. ಆದರೆ ಇಪ್ಪತ್ತೆರಡು ವರ್ಷ ಬ್ರಷ್ ಹಿಡಿದ ಕೈಗೆ ಬಾಲ್‌ಪೆನ್ನು ಕೊಟ್ಟು ಕೂರಿಸುತ್ತಾರೆ ಅಂದರೆ ನನಗೆ ಅಳುವೇ ಬರುತ್ತಿತ್ತು. ಅಷ್ಟರಲ್ಲಿ ಈ ಮೇಡಂ ಬಂದು, "ನೂರಿಪ್ಪತ್ತು ಇದಾರೆ. ಶನಿವಾರ ಸಂಜೆಗೆ ಕೊಡಿ. ಚೆನ್ನಾಗಿ ಬಂದ್ರೆ ಮುಂದಿನ ಸೈನ್ಯ ಎಲ್ಲಾ ನಿಮ್ಮ ಕೈಗೇ" ಅಂದರು. ಆವತ್ತು ಮಂಗಳವಾರ. ಯಾಕೆ, ಏನು ಅಂತ ಕೇಳದೆ ಒಪ್ಪಿಕೊಂಡುಬಿಟ್ಟೆ.

ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತು ವಿಧಾನ ಹೇಳಿಕೊಟ್ಟರು. ಬೇಗ ಮುಗಿಯೋ ವಿಧಾನ ಅಂತೆ. ಮೊದಲು ಸೋಪಿನ ನೀರಲ್ಲಿ ತೊಳೆದು ಒಣಗಿಸಬೇಕು. ಮರದ ಪಟ್ಟಿಗೆ ಎರಡೂ ಕಡೆ ಅಂಟುವ ಟೇಪು ಹಾಕಿ ಹತ್ತು ಹತ್ತು ಜನರನ್ನ ನಿಲ್ಲಿಸಬೇಕು. ಕಪ್ಪು ಪ್ರೈಮರ್, ಅಂದರೆ ಅಡಿಬಣ್ಣದ ಸ್ಪ್ರೇ ಡಬ್ಬಿ ಹಿಡಿದು ಒಂದು ಗೇಣಿಗಿಂತ ಸ್ವಲ್ಪ ದೂರದಿಂದ, ಕೆಳಗಿಂದ, ಪಕ್ಕದಿಂದ, ಎಲ್ಲ ಕಡೆಯಿಂದ ತೆಳ್ಳಗೆ ಹೊಡೆಯಬೇಕು. ಅದು ಒಣಗಿದ ಮೇಲೆ ಬಿಳಿ ಡಬ್ಬಿ, ಆದರೆ ಮೇಲಿಂದ ಮಾತ್ರ. ಆಗ ಟೋಪಿ, ಹೆಗಲು, ಮೂಗು ಬೆಳ್ಳಗಾಗಿ ಕಂಕುಳು, ಗಲ್ಲದ ಕೆಳಗೆ ಕಪ್ಪು ಉಳಿಯುತ್ತೆ. ಅದರ ಮೇಲೆ ತಿಳಿಸಾರಿನಷ್ಟು ನೀರಾದ ಬಣ್ಣ ಬಳಿದರೆ ನೆರಳು ಬೆಳಕು ತಾನಾಗಿ ಕಾಣುತ್ತೆ. ಆಮೇಲೆ ಕಂದು ಮಸಿಯನ್ನ ನೀರಾಗಿಸಿ ಬಟ್ಟೆಯ ಮಡಿಕೆಗೆ ಬಿಡಬೇಕು. ಕೊನೆಗೆ ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಹೆಚ್ಚುಕಮ್ಮಿ ಒಣಗಿದ ಬ್ರಷ್ಷಲ್ಲಿ ಅಂಚುಗಳನ್ನ ಸವರಬೇಕು.

"ನೆರಳನ್ನ ನಾವ್ಯಾಕಮ್ಮ ಬರೀಬೇಕು? ನಿಲ್ಲಿಸಿದ್ರೆ ತಾನೇ ಬೀಳಲ್ವಾ?" ಅಂದೆ.

"ಇಷ್ಟು ಸಣ್ಣ ಆಳಿಗೆ ಬೀಳೋ ನೆರಳು ಕಣ್ಣಿಗೆ ಕಾಣಲ್ಲ. ಬಳಿದೇ ತೋರಿಸಬೇಕು."

"ಒಂದು ಸಲ ಕ್ಲೀನ್ ಬಣ್ಣ ಹಚ್ಚಿ, ಮತ್ತೆ ಅದರ ಮೇಲೆ ಕೊಳೆ ಹಚ್ಚೋದು?"

"ಹೂಂ, ಹೆಚ್ಚುಕಮ್ಮಿ ಹಾಗೇ" ಅಂತ ನಕ್ಕರು.

ನನಗೆ ತಲೆಬುಡ ತಿಳಿಯಲಿಲ್ಲ. ನಂಬರ್ ಪ್ಲೇಟಿನ ಅಕ್ಷರಕ್ಕೆ ನೆರಳು ಕೊಟ್ಟರೆ ಪೊಲೀಸರು ಗಾಡಿ ನಿಲ್ಲಿಸುತ್ತಿದ್ದರು. ಬಿಳಿ ಅಂದರೆ ಬಿಳಿ, ಕಪ್ಪು ಅಂದರೆ ಕಪ್ಪು, ನನ್ನ ಕಸುಬು ಅಷ್ಟೇ. ಆದರೂ ಮೇಡಂ ಎದುರಿಗೇ ಒಬ್ಬ ಸೈನಿಕನಿಗೆ ಹೇಳಿದ ಹಾಗೆ ಮಾಡಿದೆ. ಮಸಿ ಬಿಟ್ಟ ತಕ್ಷಣ ಆ ಬೂದು ಗೊಂಬೆಗೆ ಮುಖ ಬಂದುಬಿಡ್ತು! ಕೆನ್ನೆ ಒಳಗೆ ಹೋಗಿದೆ, ಹುಬ್ಬು ಗಂಟಾಗಿದೆ, ಪಾಪ, ಎಷ್ಟು ದಿನದಿಂದ ಊಟ ಇಲ್ಲವೋ ಅನ್ನೋ ಹಾಗೆ. ಮೇಡಂ ಹೋದ ಮೇಲೂ ಅವನನ್ನ ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದೆ. ಈ ಕೆಲಸ ನನ್ನ ಕೈ ಬಿಟ್ಟು ಹೋಗಬಾರದು ಅಂತ ಆಗ ಅನಿಸಿತು.

ಬುಧವಾರ ಮೊದಲ ಪಟ್ಟಿಯ ಹತ್ತು ಜನಕ್ಕೆ ಅಂಗಡಿ ಮುಂದೆ ಪ್ರೈಮರ್ ಹೊಡೆದೆ. ಡಬ್ಬಿ ಕೆಳಗಿಡುವಷ್ಟರಲ್ಲಿ ಮಂಡಿಯಿಂದ ಮೂರು ಲಾರಿ ಒಂದರ ಹಿಂದೊಂದು ಹೋದವು. ಧೂಳೆಲ್ಲ ಹಸಿ ಬಣ್ಣಕ್ಕೆ ಕೂತುಬಿಡ್ತು. ನನಗೆ ಸಿಟ್ಟು ಬಂದರೆ ಕೈ ಮುಂದೆ, ಬುದ್ಧಿ ಹಿಂದೆ. ಪ್ಲೇಟು ಕೆಟ್ಟರೆ ಏನು ಮಾಡುತ್ತಿದ್ದೆ? ಥಿನ್ನರ್ ಹಾಕಿ ಒರೆಸುತ್ತಿದ್ದೆ. ಅದೇ ಅಭ್ಯಾಸದಲ್ಲಿ ಒಬ್ಬನನ್ನ ತೆಗೆದು ಥಿನ್ನರ್ ಬಟ್ಟಲಿಗೆ ಅದ್ದಿದೆ. ಪ್ಲೇಟು ತಗಡು, ಇವನು ಪ್ಲಾಸ್ಟಿಕ್ಕು, ಅದು ನೆನಪಾಗಿದ್ದು ಅವನ ಟೋಪಿ ಮುಖದ ಮೇಲೆ ಕರಗಿ ಇಳಿದಾಗ. ಪಕ್ಕದ ಸೀಟ್ ಕವರ್ ಅಂಗಡಿಯ ಭಾಯ್ ಇಣುಕಿ ನೋಡಿ, "ಅರೇ ಪಾಪ, ಏನ್ ಮಾಡಿದ್ನಪ್ಪ ಇವ್ನು? ಕುದಿಯೋ ಎಣ್ಣೆಗೆ ಬಿದ್ದವನ ಥರ ಆಗವ್ನೆ" ಅಂದರು. ಕರಗಿದವನನ್ನ ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿಗಿಟ್ಟೆ. ಉಳಿದ ಒಂಬತ್ತು ಜನರ ಮೇಲಿನ ಧೂಳನ್ನ ಒಣಗಿದ ಮೇಲೆ ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿ ಹೇಗೋ ತೆಗೆದೆ.

ಧೂಳಿಲ್ಲದ ಜಾಗ ಅಂದರೆ ನನ್ನ ತಲೆಗೆ ಬಂದಿದ್ದು ಕೆಂಚಾರ್ಲಹಳ್ಳಿಯ ಅಕ್ಕನ ಮನೆಯ ಹುಳದ ಮನೆ. ರೇಷ್ಮೆ ಹುಳ ಸಾಕೋ ಆ ಶೆಡ್ಡಿಗೆ ಸಿಮೆಂಟ್ ನೆಲ, ಬಾಗಿಲು ಕಿಟಕಿಗೆಲ್ಲ ಸೊಳ್ಳೆ ಪರದೆ, ಗೋಡೆಯುದ್ದಕ್ಕೂ ತಟ್ಟೆಗಳ ಸ್ಟ್ಯಾಂಡು. ಹಿಂದಿನ ಬೆಳೆಯ ಗೂಡು ಆಗಲೇ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿತ್ತು. ಮುಂದಿನ ಹುಳ ಬರೋಕೆ ಇನ್ನೂ ದಿನ ಇತ್ತು.

ಫೋನ್ ಮಾಡಿದರೆ ಭಾವ ಎಗರಿಬಿದ್ದರು. "ಹುಳದ ಮನೇಲಿ ಸ್ಪ್ರೇನಾ? ತಲೆ ಕೆಟ್ಟಿದೆಯಾ ನಿಂಗೆ? ಬೀಡಿ ಹಚ್ಕೊಂಡು ಬಂದವನನ್ನೂ ನಾವು ಒಳಗೆ ಬಿಡಲ್ಲ."

ಅಕ್ಕ ಫೋನ್ ಕಿತ್ತುಕೊಂಡಳು. "ಶನಿವಾರ ಹೆಂಗೂ ಬ್ಲೀಚಿಂಗ್ ಹಾಕಿ ತೊಳೀಬೇಕಲ್ರೀ. ಅಷ್ಟರೊಳಗೆ ಅವ್ನು ಏನಾದ್ರೂ ಮಾಡ್ಕೊಳ್ಳಿ. ಬಾರಪ್ಪ ನೀನು" ಅಂದಳು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಹುಳದ ಮನೆಯಲ್ಲಿ ನಾಲ್ಕು ಪಟ್ಟಿ ನಿಲ್ಲಿಸಿ ಕಪ್ಪು ಹೊಡೆದೆ. ಗಾಳಿ ಇಲ್ಲ, ಧೂಳಿಲ್ಲ, ಒಳಗೆ ತಣ್ಣಗಿದೆ. ಬಿಳಿಯನ್ನೂ ಮೇಲಿಂದ ಹೊಡೆದು, ಖುಷಿಯಾಗಿ ಅಕ್ಕ ಕೊಟ್ಟ ಮುದ್ದೆ ಸೊಪ್ಪಿನ ಸಾರು ಉಂಡು ಬಂದು ನೋಡುತ್ತೇನೆ, ನಲವತ್ತು ಜನಕ್ಕೂ ಬೂಷ್ಟು ಹಿಡಿದಿದೆ! ಕಪ್ಪಿನ ಮೇಲೆ ಬೂದಿ ಬಣ್ಣದ ಮಂಕು. ಬೆರಳಲ್ಲಿ ಮುಟ್ಟಿದರೆ ಮರಳು ಕಾಗದದ ಹಾಗೆ ತರಿ ತರಿ. ಬಕಲ್ಲು ಎಲ್ಲಿ, ಮೂಗು ಎಲ್ಲಿ ಅಂತ ಹುಡುಕಬೇಕು.

ಡಬ್ಬಿ ಸರಿಯಾಗಿ ಅಲ್ಲಾಡಿಸಿಲ್ಲವೇನೋ ಅಂದುಕೊಂಡೆ. ಕೈ ನೋಯುವ ತನಕ ಅಲ್ಲಾಡಿಸಿ ಒಂದು ಪಟ್ಟಿಗೆ ಹೊಡೆದೆ. ಅದೇ ಬೂಷ್ಟು. ದೂರ ಹೆಚ್ಚಾಯಿತೇನೋ ಅಂತ ಅದೇ ಪಟ್ಟಿಗೆ ಹತ್ತಿರ ಹಿಡಿದು ಹೊಡೆದೆ. ಬೂಷ್ಟಿನ ಜೊತೆ ಬಣ್ಣ ಇಳಿಯಿತು. ತೊಳೆದದ್ದು ಸಾಲದೇನೋ ಅಂತ ಇನ್ನೊಂದು ಪಟ್ಟಿಯ ಆಳುಗಳನ್ನ ಮತ್ತೆ ಸೋಪು ಹಾಕಿ ಉಜ್ಜಿ, ಬಿಸಿಲಲ್ಲಿ ಒಣಗಿಸಿ ಮೂರೂವರೆಗೆ ಹೊಡೆದೆ. ಇನ್ನೂ ಜಾಸ್ತಿ ಬೂಷ್ಟು! ಅಲ್ಲಿಗೆ ಅರವತ್ತು ಜನ ಹಾಳು. ಸುಮ್ಮನೆ ನೋಡೋಣ ಅಂತ ಇಬ್ಬರನ್ನ ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಿಸಿ ಹೊಡೆದೆ. ಕನ್ನಡಿ ಹಾಗೆ ಬಂತು.

ಅದೇ ಡಬ್ಬಿ, ಅದೇ ಕೈ, ಅದೇ ದೂರ. ಒಳಗೆ ಹೊಡೆದರೆ ಬೂಷ್ಟು, ಹೊರಗೆ ಹೊಡೆದರೆ ಕನ್ನಡಿ. ಹೊರಗೇ ಮಾಡೋಣ ಅಂದರೆ ಅಷ್ಟರಲ್ಲಿ ಗಾಳಿ ಎದ್ದು ಹೊಂಗೆ ತರಗೆಲೆ ಹಾರತೊಡಗಿತು. ಹುಳದ ಮನೆಯ ಹೊಸ್ತಿಲ ಮೇಲೆ ತಲೆ ಹಿಡಿದುಕೊಂಡು ಕೂತೆ. ಕಾರಣ ಗೊತ್ತಿದ್ದು ಸೋತರೆ ಒಂಥರಾ. ಯಾಕೆ ಸೋಲುತ್ತಿದ್ದೀನಿ ಅಂತಲೇ ತಿಳಿಯದಿದ್ದರೆ ಮನುಷ್ಯನಿಗೆ ತನ್ನ ಕೈಯ ಮೇಲೇ ಅನುಮಾನ ಬರುತ್ತೆ. ಎರಡೂ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡೆ, ನಿಜವಾಗಿ.

ಅಕ್ಕ ಬಂದು ಪಟ್ಟಿಗಳನ್ನ ನೋಡಿದಳು. "ಏಮಿರಾ ಇದಿ, ಇದೇನೋ ಅಯ್ಯೋ! ಕಣ್ಣು ತಾಕಿದೆ ಕಣೋ. ಇಷ್ಟೊಂದು ಮುದ್ದಾಗಿವೆ, ತಾಕದೆ ಇರುತ್ತಾ?" ಅಂತ ಒಳಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಅರವತ್ತು ಸೈನಿಕರಿಗೂ ಸೇರಿಸಿ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ನಾನು ಬೇಡ ಅನ್ನಲಿಲ್ಲ. ಆ ಹೊತ್ತಿಗೆ ಯಾರು ಏನು ಹೇಳಿದರೂ ಮಾಡುವ ಸ್ಥಿತಿಗೆ ಬಂದಿದ್ದೆ.

ಶುಕ್ರವಾರ ಬೆಳಿಗ್ಗೆ ಮತ್ತೊಂದು ಪಟ್ಟಿ ನಿಲ್ಲಿಸಿ, ಡಬ್ಬಿ ಹಿಡಿದು, ಹೊಡೆಯಲೋ ಬೇಡವೋ ಅಂತ ಕೂತಿದ್ದೆ. ಅಕ್ಕ ಹೊರಗಿನಿಂದ ಬಿಂದಿಗೆ ಹಿಡಿದು ಬಂದು ಚೊಂಬಲ್ಲಿ ನೀರು ಮೊಗೆದು ಕಿಟಕಿಗೆ ಎರಚಿದಳು. ಒಂದೆರಡು ಹನಿ ನನ್ನ ಕೆನ್ನೆಗೆ ಸಿಡಿದವು.

"ಅಕ್ಕಾ, ಏನ್ ಮಾಡ್ತಿದೀಯ?"

"ಗೋಣಿಗೆ ನೀರು ಹಾಕ್ತಿದೀನಿ, ಇನ್ನೇನು."

ಕಿಟಕಿಗಳಿಗೆ ತೂಗುಬಿಟ್ಟ ಗೋಣಿಚೀಲಗಳು. ನೀರು ಸುರಿದರೆ ಒಳಗೆ ತಂಪಾಗಿ ಹುಳಕ್ಕೆ ಹಿತವಾಗಿರುತ್ತೆ. ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಹಾಕುತ್ತಾರೆ. ನಮ್ಮಮ್ಮ ಹಾಕುತ್ತಿದ್ದಳು, ಅಕ್ಕ ಹಾಕುತ್ತಾಳೆ.

"ಹುಳನೇ ಇಲ್ವಲ್ಲಕ್ಕ!"

ಅಕ್ಕ ಎತ್ತಿದ ಚೊಂಬು ಹಾಗೇ ಹಿಡಿದು ನಿಂತಳು. ಗೋಣಿ ನೋಡಿದಳು, ಖಾಲಿ ತಟ್ಟೆ ನೋಡಿದಳು, ನನ್ನನ್ನ ನೋಡಿದಳು. "ಹೌದಲ್ವಾ" ಅಂದಳು. ಆಮೇಲೆ ಮೆಲ್ಲಗೆ, "ಒಳಗೆ ನೀನಿದ್ಯಲ್ಲಪ್ಪ. ಈ ಬಿಸಿಲಲ್ಲಿ ಬೇಯ್ತೀಯ ಅಂತ ನಿನ್ನೆಯಿಂದ ಹಾಕ್ತಿದೀನಿ."

ನನಗೆ ನಗು ಬಂತೋ ಅಳು ಬಂತೋ ಈಗಲೂ ಗೊತ್ತಿಲ್ಲ. ಮಳೆ ದಿನ ಪ್ಲೇಟಿಗೆ ಸ್ಪ್ರೇ ಹೊಡೆಯಬಾರದು, ಗಾಳಿಯ ತೇವ ಸೇರಿ ಬಣ್ಣ ಮಂಕಾಗುತ್ತೆ ಅಂತ ಚೆನ್ನಾಗಿ ಬಲ್ಲವನು ನಾನು. ಮಳೆಗಾಲದಲ್ಲಿ ಎಷ್ಟೋ ಗಿರಾಕಿಗಳನ್ನ ವಾಪಸ್ ಕಳಿಸಿದ್ದೆ. ಆದರೆ ಹುಳದ ಮನೆಯಲ್ಲಿ ಆಡಿ ಬೆಳೆದವನಿಗೆ ಒದ್ದೆ ಗೋಣಿ ಅಂದರೆ ಗೋಡೆ ಇದ್ದ ಹಾಗೆ, ಕಣ್ಣಿಗೇ ಬೀಳಲ್ಲ. ಅಕ್ಕನ ಪ್ರೀತಿಯೇ ನನ್ನ ಸೈನಿಕರಿಗೆ ಬೂಷ್ಟು ಹಿಡಿಸಿತ್ತು. ಪಾಪ, ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು, "ನಾನೇ ಹಾಳು ಮಾಡಿದ್ನಾ?" ಅಂತ ಕೇಳಿದಾಗ ನಾನು, "ಇಲ್ಲಕ್ಕ, ನನ್ನ ಕೈ ಸರಿಯಾಗಿದೆ ಅಂತ ತೋರಿಸಿಕೊಟ್ಟೆ" ಅಂದೆ. ಅದು ಸುಳ್ಳಲ್ಲ.

ಉಳಿದ ನಲವತ್ತು ಚಿಲ್ಲರೆ ಜನರನ್ನ ತಾರಸಿಗೆ ಹೊತ್ತೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಒಂದೆರಡು ಗಂಟೆ ಅಲ್ಲಿ ಎಲೆಯೂ ಅಲ್ಲಾಡಲ್ಲ. ಕಪ್ಪು, ಆಮೇಲೆ ಬಿಳಿ, ಎಲ್ಲ ಒಳ್ಳೇ ರೀತಿ ಕೂತಿತು. ಅಷ್ಟಕ್ಕೇ ಕಪ್ಪು ಡಬ್ಬಿ ಬರಿದಾಯಿತು. ಹಾಳಾದ ಅರವತ್ತು ಜನರ ಬಣ್ಣ ಕೀಳೋಣ ಅಂದರೆ ಥಿನ್ನರ್ ಮುಟ್ಟುವ ಹಾಗಿಲ್ಲ. ಕಿತ್ತರೂ ಮತ್ತೆ ಹೊಡೆಯೋಕೆ ಕಪ್ಪಿಲ್ಲ.

ಮಧ್ಯಾಹ್ನ ಭಾವ ಮಂಡಿಯಿಂದ ಬಂದರು. ನಾನು ಜಗಲಿಯ ಮೇಲೆ ಆ ಅರವತ್ತು ಜನರನ್ನ ಸಾಲಾಗಿ ಇಟ್ಟುಕೊಂಡು, ಒಬ್ಬೊಬ್ಬನನ್ನೇ ಮೂಗಿನ ಹತ್ತಿರ ಹಿಡಿದು ಕೊರಗುತ್ತಿದ್ದೆ. ಭಾವ ಗೇಟಿನ ಹತ್ತಿರವೇ ಬೈಕ್ ನಿಲ್ಲಿಸಿ ನೋಡಿ ನಕ್ಕರು.

"ಏನಯ್ಯಾ ಇದು, ನಿನ್ನ ಸೈನ್ಯ ಮಣ್ಣಲ್ಲಿ ಹೊರಳಾಡ್ಕೊಂಡು ಬಂದಂಗಿದೆ? ಬಿಟ್ಟಾಕು ಮಾರಾಯ. ಸೋಮವಾರದಿಂದ ಮಂಡಿಗೆ ಬಾ, ನೆಮ್ಮದಿಯಾಗಿರು."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಜಗಳಕ್ಕೆ ಅಂತಲೇ ಗೇಟಿನವರೆಗೆ ಹೋದೆ. ಹೋಗಿ, ಭಾವ ತೋರಿಸಿದ ಕಡೆ ತಿರುಗಿ ನೋಡಿದವನು ಅಲ್ಲೇ ನಿಂತುಬಿಟ್ಟೆ. ಹತ್ತು ಹೆಜ್ಜೆ ದೂರದಿಂದ ಆ ತರಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಧೂಳು. ದಿನಗಟ್ಟಲೆ ನಡೆದು ಬಂದವರ ಮೈಮೇಲೆ ಕೂತ ಧೂಳು. ಪ್ಲೇಟ್ ಬರೆದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡದೆ ನಾನು ಯಾವತ್ತೂ ಗಿರಾಕಿಗೆ ಕೊಟ್ಟವನಲ್ಲ. ಈ ಸಣ್ಣ ಆಳುಗಳ ಗಲಾಟೆಯಲ್ಲಿ ಮೂರು ದಿನದಿಂದ ಅದನ್ನೇ ಮರೆತಿದ್ದೆ! ಮೇಜಿನ ಸುತ್ತ ನಿಂತು ಆಡುವವರೂ ಮೂಗಿನ ಹತ್ತಿರ ಹಿಡಿದುಕೊಂಡು ಆಡಲ್ಲವಲ್ಲ.

"ಭಾವ, ಇನ್ನೊಂದ್ಸಲ ಹೇಳಿ, ಏನಂದ್ರಿ?"

"ಮಂಡಿಗೆ ಬಾ ಅಂದೆ."

"ಅದಲ್ಲ, ಅದಕ್ಕೆ ಮುಂಚೆ."

ಆವತ್ತೇ ತೀರ್ಮಾನ ಮಾಡಿದೆ. ಕೀಳೋದು ಬೇಡ, ಮುಚ್ಚಿಡೋದೂ ಬೇಡ. ಅರವತ್ತು ಜನಕ್ಕೂ ಒಂದೇ ಬಣ್ಣ ಹಿಡಿದು ಮೊದಲು ಕೋಟು, ಆಮೇಲೆ ಅರವತ್ತಕ್ಕೂ ಚೀಲ, ಆಮೇಲೆ ಮುಖ. ಕಂದು ಮಸಿಯನ್ನ ಮಾಮೂಲಿಗಿಂತ ನೀರಾಗಿಸಿ ಬಿಟ್ಟೆ. ಅದು ತರಿಯೊಳಗೆಲ್ಲ ಇಳಿದು ಹಳೇ ಬಟ್ಟೆಯ ಕೊಳೆ ಥರ ನಿಂತಿತು. ಒಣ ಬ್ರಷ್ಷಿಗೆ ನಮ್ಮ ಕಡೆಯ ಕೆಮ್ಮಣ್ಣಿನ ಬಣ್ಣ ಹಾಕಿ ಮೊಣಕಾಲಿಂದ ಕೆಳಗೆ ಸವರಿದೆ. ಚೆನ್ನಾಗಿ ಬಂದವರಿಗೆ ಮೇಡಂ ಹೇಳಿಕೊಟ್ಟ ಹಾಗೇ ಬಳಿಯುತ್ತಾ ರಾತ್ರಿಯೆಲ್ಲ ಕೂತೆ. ಶನಿವಾರ ಮಧ್ಯಾಹ್ನ ಅಕ್ಕ ಹುಳದ ಮನೆಗೆ ಬ್ಲೀಚಿಂಗ್ ಹಾಕುವ ಹೊತ್ತಿಗೆ ಕೊನೆಯವನ ಬೂಟು ಮುಗಿಯಿತು.

ಸಂಜೆ ಚಿಕ್ಕಬಳ್ಳಾಪುರದ ಬಸ್ಸಲ್ಲಿ ಪೆಟ್ಟಿಗೆಯನ್ನ ತೊಡೆ ಮೇಲಿಟ್ಟುಕೊಂಡು ಹೋದೆ. ಮೇಡಂ ಮುಂದೆ ಎಲ್ಲ ಒಪ್ಪಿಸಿದೆ: ಗೋಣಿ, ಬೂಷ್ಟು, ಬೆಂಕಿಪೊಟ್ಟಣದಲ್ಲಿರುವ ಕರಗಿದವನು, ಎಲ್ಲ. ಅವರು ಭೂತಗನ್ನಡಿ ಹಿಡಿದು ಒಬ್ಬ ಧೂಳಿನವನನ್ನ ನೋಡಿದರು. ಅವರ ಮುಖ ಸಣ್ಣದಾಯಿತು. "ನಾಳೆ ಹನ್ನೊಂದಕ್ಕೆ ಬನ್ನಿ" ಅಂದರು, ಅಷ್ಟೇ. ಒಳ್ಳೇದೋ ಕೆಟ್ಟದ್ದೋ ಒಂದೂ ತಿಳಿಯದೆ ವಾಪಸ್ ಬಸ್ ಹತ್ತಿದೆ.

ಭಾನುವಾರ ಹೋದೆ. ಹಸಿರು ಬಟ್ಟೆ ಹಾಸಿದ ದೊಡ್ಡ ಮೇಜು, ಸುತ್ತ ಎಂಟು ಜನ. ಕೈಯಲ್ಲಿ ಅಳತೆ ಟೇಪು, ದಾಳ. ದಾಳ ಹಾಕೋದು, ಇಂಚು ಅಳೆಯೋದು, ಪುಸ್ತಕ ತೆಗೆದು ನಿಯಮಕ್ಕೆ ವಾದ ಮಾಡೋದು, ಮತ್ತೆ ದಾಳ. ಯಾರು ಯಾರ ಕಡೆ, ಯಾಕೆ ಓಡ್ತಿದ್ದಾರೆ, ಗೆದ್ದೋರು ಯಾರು, ನನಗೆ ಒಂದು ಚೂರೂ ಅರ್ಥವಾಗಲಿಲ್ಲ. ಅರ್ಥವಾಗಿದ್ದು ಇಷ್ಟೇ: ಒಂದು ಸಲದ ದಾಳಕ್ಕೆ ನನ್ನ ಧೂಳಿನವರು ನಾಲ್ಕು ಜನ ಬಿದ್ದರು. ಕೈಯಿಂದ ಎತ್ತಿ ಪಕ್ಕಕ್ಕಿಟ್ಟರು. ರಾತ್ರಿಯೆಲ್ಲ ಕೂತು ಅವರ ಮುಖ ಬರೆದದ್ದು ನಾನು!

ಆಗ ಕನ್ನಡಕದ ಒಬ್ಬರು ಮೊದಲು ಕ್ಲೀನಾದವರನ್ನ, ಆಮೇಲೆ ಧೂಳಿನವರನ್ನ ತೋರಿಸಿ ಕೇಳಿದರು, "ಈ ಕಡೆಯವರು ಸುಮ್ನೆ ಟೈಲರ್ ಅಂಗಡಿಯಿಂದ ಬಂದಂಗಿದಾರೆ. ಆ ಕಡೆಯವರು ನಿಜವಾಗಿ ಯುದ್ಧಕ್ಕೆ ಬಂದವರು. ಯಾರು ಮಾಡಿದ್ದು ಮೇಡಂ?"

ಮೇಡಂ ನನ್ನ ಕಡೆ ಕೈ ತೋರಿಸಿದರು. "ಇವರೇ. ಚಿಂತಾಮಣಿ ಪೇಂಟರು."

ಪ್ಲೇಟು ನಿಂತ ಮೇಲೆ ಆ ಹೆಸರಲ್ಲಿ ನನ್ನನ್ನ ಯಾರೂ ಕರೆದಿರಲಿಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಕೊಟ್ಟೆ. ಮೇಡಂ ಕರಗಿದವನನ್ನ ಮೆಲ್ಲಗೆ ಎತ್ತಿ, ಬಿದ್ದ ನಾಲ್ಕು ಜನರ ಜಾಗದಲ್ಲಿ ಮಲಗಿಸಿದರು. ಆಟ ಮುಗಿಯುವವರೆಗೆ ಅವನು ಅಲ್ಲೇ ಇದ್ದ. ಹೊರಡುವಾಗ ಮೇಡಂ ಇನ್ನೊಂದು ಪೆಟ್ಟಿಗೆ ಕೊಟ್ಟು, "ಅರ್ಧ ಕ್ಲೀನು, ಅರ್ಧ ಧೂಳು. ಆ ಬೂಷ್ಟು ಮತ್ತೆ ಬರಿಸೋಕಾಗುತ್ತಾ?" ಅಂದರು.

ಸೋಮವಾರ ಬೆಳಿಗ್ಗೆ ಭಾವನಿಗೆ ನಾನೇ ಫೋನ್ ಮಾಡಿದೆ. "ಭಾವ, ಮಂಡಿಗೆ ಬೇರೆಯವರನ್ನ ನೋಡ್ಕೊಳ್ಳಿ." ಅವರು, "ಸರಿ ಬಿಡು. ಆದ್ರೆ ಆ ಡಬ್ಬಿ ಹಿಡ್ಕೊಂಡು ನಮ್ಮ ಹುಳದ ಮನೆ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ, ತೊಳೆದಿದೀವಿ" ಅಂದರು. ಹಿಂದಿನಿಂದ ಅಕ್ಕ ಏನೋ ಕೂಗಿ ನಗುತ್ತಿದ್ದಳು.

ಫೋನ್ ಇಟ್ಟು ಅಂಗಡಿಯ ಹಿಂದಿನ ಕೋಣೆಯ ಕಿಟಕಿಗೆ ಎರಡು ಗೋಣಿಚೀಲ ತೂಗುಹಾಕಿದೆ. ಬಕೆಟ್ಟಲ್ಲಿ ನೀರು ತಂದು ಚೊಂಬಲ್ಲಿ ಎರಚಿದೆ. ಅಮ್ಮ ಹಾಕುತ್ತಿದ್ದ ಹಾಗೇ, ಮೇಲಿಂದ ಕೆಳಕ್ಕೆ.

ಸೀಟ್ ಕವರ್ ಭಾಯ್ ಇಣುಕಿದರು. "ಕ್ಯಾ ಬಾ, ಪ್ಲೇಟ್ ಬಿಟ್ಟು ರೇಷ್ಮೆ ಹುಳ ಸಾಕೋಕೆ ಶುರು ಮಾಡಿದ್ಯಾ?"

"ಇಲ್ಲ ಭಾಯ್, ಸೈನ್ಯ ಸಾಕ್ತಿದೀನಿ" ಅಂದು ಇನ್ನೊಂದು ಚೊಂಬು ಎರಚಿದೆ.